ಆಟಿಸಂ, ಮೈಯ ಕಿರಿಕಿರಿ, ಗಂಡು–ಹೆಣ್ಣಿನ ಗೊಂದಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಟಿಸ್ಟಿಕ್, ಅಂದರೆ ಆಟಿಸಂ ಇರುವ ವ್ಯಕ್ತಿ. ಹೆಣ್ಣು ಅಂತ ಬೆಳೆಸಿದರು, ಅದು ನನಗೆ ಹೊಂದಲಿಲ್ಲ. ಗಂಡು ಎಂಬುದೂ ಹೊಂದಲಿಲ್ಲ. ಇದು ಗೊತ್ತಿರುವವರು ಮಾತಿನ ನಡುವೆ, ಪತ್ರದಲ್ಲಿ, ಕೆಲವೊಮ್ಮೆ ಮದುವೆ ಮನೆಯ ಮೂಲೆಗೆ ಕರೆದುಕೊಂಡು ಹೋಗಿ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ, ವಕೀಲರೂ ಅಲ್ಲ. ಮಾತ್ರೆ, ಇಂಜೆಕ್ಷನ್ ವಿಷಯ ಡಾಕ್ಟರ ಹತ್ತಿರವೇ ಮಾತಾಡಿ.

## ಮೊದಲಿಗೆ

ಲಿಂಗ ಗುರುತು ಅಂದ್ರೆ ಒಳಗಿನ ಅನಿಸಿಕೆ ಅಂತಾರೆ. ನನಗೆ ಒಳಗೆ ಅಂಥದ್ದೇನೂ ಅನಿಸೋದೇ ಇಲ್ಲ. ನನ್ನಲ್ಲಿ ಏನಾದ್ರೂ ಕೆಟ್ಟಿದೆಯಾ?

ಏನೂ ಕೆಟ್ಟಿಲ್ಲ. "ನಾನು ಹೆಣ್ಣು", "ನಾನು ಗಂಡು" ಅಂತ ಒಳಗಿನಿಂದ ಸ್ಪಷ್ಟವಾಗಿ ಅನಿಸುವುದು ಎಲ್ಲರಿಗೂ ಆಗುವ ಅನುಭವವಲ್ಲ. ಹುಟ್ಟಿದಾಗ ಬರೆಸಿದ್ದು ಹೊಂದಿಕೊಂಡವರಿಗೆ ಅದು ಗಮನಕ್ಕೇ ಬರುವುದಿಲ್ಲ. ಆಟಿಸ್ಟಿಕ್ ಜನರಲ್ಲಿ ಹಲವರು ಹೇಳುವುದು ಬೇರೆ: ಗಂಡು ಹೀಗೆ ಕೂರಬೇಕು, ಹೆಣ್ಣು ಹೀಗೆ ನಗಬೇಕು ಎಂಬ ನಿಯಮಗಳನ್ನು ಯಾರು ಮಾಡಿದರು, ನಾನು ಯಾಕೆ ಪಾಲಿಸಬೇಕು ಎಂಬುದೇ ತಲೆಗೆ ಹೋಗಲಿಲ್ಲ ಅಂತ. ಇಂಥವರಲ್ಲಿ ಕೆಲವರು ನಾನ್‌ಬೈನರಿ (ಬರೀ ಗಂಡೂ ಅಲ್ಲ, ಬರೀ ಹೆಣ್ಣೂ ಅಲ್ಲ) ಅನ್ನುತ್ತಾರೆ, ಕೆಲವರು ಅಜೆಂಡರ್ (ಯಾವ ಲಿಂಗವೂ ಇಲ್ಲ) ಅನ್ನುತ್ತಾರೆ. ತಮ್ಮ ಲಿಂಗದ ಅರಿವನ್ನು ಆಟಿಸಂನಿಂದ ಬೇರೆ ಮಾಡಿ ನೋಡಲು ಆಗುವುದೇ ಇಲ್ಲ ಎನ್ನುವವರು ಆಟಿಜೆಂಡರ್ ಎಂಬ ಪದ ಬಳಸುತ್ತಾರೆ. ಇನ್ನು ಕೆಲವರು "ನಾನು ಹೆಂಗಸೇ, ಆದರೆ ಅದರ ಬಗ್ಗೆ ನನಗೆ ಆಸಕ್ತಿ ಇಲ್ಲ" ಎಂದು ಸುಮ್ಮನಾಗುತ್ತಾರೆ. ಅದೂ ಸರಿಯಾದ ಉತ್ತರವೇ. ಹೆಸರು ಇಡದೆಯೂ ಇರಬಹುದು.

ಆಟಿಸಂ ಇರೋರಲ್ಲಿ ಇದು ಜಾಸ್ತಿ ಅಂತಾರಲ್ಲ, ನಿಜನಾ?

ನಿಜ. 2020ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಟ್ರಾನ್ಸ್ (ಹುಟ್ಟಿದಾಗ ಬರೆಸಿದ ಲಿಂಗ ಹೊಂದದವರು) ಮತ್ತು ನಾನ್‌ಬೈನರಿ ಜನ ಆಟಿಸ್ಟಿಕ್ ಆಗಿರುವ ಸಾಧ್ಯತೆ ಉಳಿದವರಿಗಿಂತ ಸುಮಾರು 3ರಿಂದ 6 ಪಟ್ಟು ಹೆಚ್ಚು ಎಂದು ಕಂಡುಬಂತು. ಯಾಕೆ ಹೀಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಟಿಸಂ ಅಂದರೆ "ಅತಿ ಗಂಡು ಮೆದುಳು" ಎಂಬ ಹಳೆಯ ವಾದವೊಂದಿದೆ, ಅದರಿಂದ ಇದನ್ನು ವಿವರಿಸಲು ಆಗುವುದಿಲ್ಲ. ಗಂಡು ಅಂತ ಬೆಳೆದು ಹೆಣ್ಣು ಎಂದು ಕಂಡುಕೊಂಡವರಲ್ಲೂ ಆಟಿಸಂ ಹೆಚ್ಚೇ ಇದೆಯಲ್ಲ.

ಒಂದು ಮಾತು ಮರೆಯಬೇಡಿ: ಆಟಿಸಂ ಇರುವವರಲ್ಲಿ ಹೆಚ್ಚಿನವರು ಟ್ರಾನ್ಸ್ ಅಲ್ಲ, ಟ್ರಾನ್ಸ್ ಜನರಲ್ಲಿ ಹೆಚ್ಚಿನವರಿಗೆ ಆಟಿಸಂ ಇಲ್ಲ.

ಹಾಗಾದ್ರೆ ಇದು ಆಟಿಸಂನ ಇನ್ನೊಂದು ಗೀಳು ಅಷ್ಟೇನಾ? ಮುಂಚೆ ರೈಲಿನ ಹುಚ್ಚಿತ್ತು, ಈಗ ಇದು ಅಂತಾರೆ ಮನೇಲಿ.

ರೈಲಿನ ಹುಚ್ಚಿದ್ದಾಗ ನಿಮಗೆ ರೈಲಾಗಬೇಕು ಅನಿಸಲಿಲ್ಲ, ಅಲ್ವಾ? ಒಂದು ವಿಷಯ ಹಿಡಿದರೆ ರಾತ್ರಿಯೆಲ್ಲ ಅದನ್ನೇ ಓದುವುದು ನಮ್ಮ ಸ್ವಭಾವ. ಲಿಂಗದ ಬಗ್ಗೆ ಪ್ರಶ್ನೆ ಎದ್ದಾಗಲೂ ಹಾಗೇ ಓದುತ್ತೇವೆ. ಓದುವ ರೀತಿ ಆಟಿಸಂನದು. ಆದರೆ ಓದಲು ಕೂರಿಸಿದ ಕಾರಣ ಬೇರೆ ಇರಬಹುದು. ಆಸಕ್ತಿಯ ವಿಷಯ ಓದಿದಾಗ ಖುಷಿ ಸಿಗುತ್ತದೆ, ಪುಸ್ತಕ ಮುಚ್ಚಿಟ್ಟರೆ ಮೈಗೆ ನೋವಾಗುವುದಿಲ್ಲ. ಓದುವುದನ್ನು ಒಂದಷ್ಟು ದಿನ ಪೂರ್ತಿ ಬಿಟ್ಟು ನೋಡಿ. ಕನ್ನಡಿ, ಸ್ನಾನ, ಹೆಸರು ಕೂಗಿದ್ದು ಎಲ್ಲ ಹಾಗೇ ಚುಚ್ಚುತ್ತಿದ್ದರೆ ಅದು ಬರೀ ಆಸಕ್ತಿ ಅಲ್ಲ. ಚುಚ್ಚುವುದು ನಿಂತರೂ ನಷ್ಟವೇನಿಲ್ಲ, ಒಂದು ವಿಷಯ ಚೆನ್ನಾಗಿ ಓದಿದ ಹಾಗಾಯಿತು.

ಚಿಕ್ಕಂದಿನಿಂದ ಗೊತ್ತಿರಬೇಕಲ್ವಾ? ನನಗೆ ಮೂವತ್ತು ಹತ್ತಿರ ಬಂತು, ಈಗ ಶುರುವಾಗಿದೆ.

ನಾಲ್ಕು ವರ್ಷಕ್ಕೇ "ನಾನು ಹುಡುಗಿ ಅಲ್ಲ" ಎಂದು ಹಟ ಮಾಡಿದವರ ಕಥೆ ಜಾಸ್ತಿ ಕೇಳಿಸುತ್ತದೆ, ಅದಕ್ಕೇ ಹಾಗನಿಸುವುದು. ನಮ್ಮಲ್ಲಿ ಅನೇಕರು ಬಾಲ್ಯವಿಡೀ ಬೇರೆಯವರನ್ನು ನೋಡಿ ನಕಲು ಮಾಡುತ್ತಲೇ ಬದುಕಿದವರು. ಪಕ್ಕದ ಬೆಂಚಿನ ಹುಡುಗಿ ಹೇಗೆ ನಗುತ್ತಾಳೆ, ಜಡೆ ಹೇಗೆ ಹಿಂದಕ್ಕೆ ಎಸೆಯುತ್ತಾಳೆ, ಟೀಚರ್ ಬೈದರೆ ಮುಖ ಹೇಗೆ ಮಾಡುತ್ತಾಳೆ, ಎಲ್ಲವನ್ನೂ ನೋಡಿ ಕಲಿತು ಹಾಗೇ ಮಾಡಿದ್ದು. ಹುಡುಗರೂ ಅಷ್ಟೇ, ಕ್ರಿಕೆಟ್ ಇಷ್ಟವಿಲ್ಲದಿದ್ದರೂ ಸ್ಕೋರ್ ಬಾಯಿಪಾಠ ಮಾಡಿಕೊಂಡವರಿದ್ದಾರೆ. ಈ ಮಾಸ್ಕಿಂಗ್‌ನ (ಎಲ್ಲರ ಹಾಗೆ ಕಾಣಲು ಮಾಡುವ ನಟನೆಯ) ಒಳಗೆ ಗಂಡುತನ, ಹೆಣ್ಣುತನವೂ ಬಂದುಬಿಡುತ್ತದೆ. ಸಾಮಾನ್ಯ ಮನುಷ್ಯರ ಹಾಗೆ ಕಾಣಲು ಕಲಿತ ಪಾಠ ಯಾವುದು, ಹೆಣ್ಣಿನ ಹಾಗೆ ಕಾಣಲು ಕಲಿತ ಪಾಠ ಯಾವುದು ಎಂದು ಬಿಡಿಸಲು ಆಗುವುದಿಲ್ಲ. ಅದಕ್ಕೇ ಎಷ್ಟೋ ಜನರಿಗೆ ಆಟಿಸಂ ಗೊತ್ತಾದ ಮೇಲೆ, ನಟನೆ ಬಿಟ್ಟು ಕೂತ ಮೇಲೆ, ಈ ಪ್ರಶ್ನೆ ಏಳುತ್ತದೆ. ತಡವಾಗಿ ಬಂತು ಅಂತ ಅದು ಸುಳ್ಳಲ್ಲ.

## ಮೈ, ಬಟ್ಟೆ, ಕನ್ನಡಿ

ಸೀರೆ ಆಗಲ್ಲ, ಬ್ರಾ ಆಗಲ್ಲ, ಬಳೆ ಸದ್ದು ಆಗಲ್ಲ, ಮಲ್ಲಿಗೆ ಮುಡಿದರೆ ತಲೆನೋವು. ಇದು ಸೆನ್ಸರಿ ಕಿರಿಕಿರಿನಾ, ಡಿಸ್ಫೋರಿಯಾನಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸೆನ್ಸರಿ ಕಿರಿಕಿರಿ ಅಂದರೆ ಸದ್ದು, ವಾಸನೆ, ಸ್ಪರ್ಶ ತಡೆಯಲಾಗದಿರುವುದು. ಡಿಸ್ಫೋರಿಯಾ ಅಂದರೆ ತನ್ನ ಮೈ, ತನಗೆ ಕೊಟ್ಟ ಲಿಂಗ ತನ್ನದಲ್ಲ ಎಂಬ ಸಂಕಟ. ಎರಡನ್ನೂ ಸ್ವಲ್ಪ ಮಟ್ಟಿಗೆ ಬೇರೆ ಮಾಡಿ ನೋಡಬಹುದು.

ಮೊದಲು ಬಟ್ಟೆ ಬದಲಿಸಿ, ಉಡುಪು ಅದೇ ಇರಲಿ. ಜರಿ ಅಂಚಿನ ರೇಷ್ಮೆ ಬದಲು ಒಗೆದೊಗೆದು ಮೆತ್ತಗಾದ ಕಾಟನ್ ಸೀರೆ ಉಟ್ಟು ನೋಡಿ. ಆರಾಮ ಅನಿಸಿತೇ? ಹಾಗಾದರೆ ಅದು ಜರಿಯ ತಂಟೆ. ಮೈಗೆ ಆರಾಮವಾಗಿದ್ದೂ ಕನ್ನಡಿಯಲ್ಲಿರುವುದು ಯಾರೋ ಬೇರೆಯವರು ಅನಿಸಿದರೆ ಅದು ಬಟ್ಟೆಯ ಮಾತಲ್ಲ. ಆಮೇಲೆ ಉಲ್ಟಾ ಮಾಡಿ. ಅಣ್ಣನ ಅಂಗಿ ಹಾಕಿಕೊಳ್ಳಿ. ಕಾಲರಿನ ಲೇಬಲ್ ಕತ್ತು ಕೆರೆಯುತ್ತಿದ್ದರೂ "ಇರಲಿ, ಬಿಚ್ಚಲ್ಲ" ಅನಿಸಿದರೆ ಅದೂ ಒಂದು ಸುಳಿವು.

ಇನ್ನೊಂದು, ಯಾರೂ ಇಲ್ಲದಾಗ ಏನಾಗುತ್ತದೆ ನೋಡಿ. ಸೆನ್ಸರಿ ಕಿರಿಕಿರಿಗೆ ನೋಡುವವರು ಬೇಕಾಗಿಲ್ಲ, ಬಾಗಿಲು ಹಾಕಿಕೊಂಡರೂ ಬಳೆ ಸದ್ದು ಸದ್ದೇ. "ಈವತ್ತು ಎಷ್ಟು ಲಕ್ಷಣವಾಗಿದ್ದೀಯಮ್ಮ" ಎಂದು ಅತ್ತೆ ಹೊಗಳಿದ ತಕ್ಷಣ ಹೊಟ್ಟೆ ತೊಳಸಿದರೆ, ಅದು ಆ ಮಾತಿನಿಂದ ಆಗಿದ್ದು, ಬಟ್ಟೆಯಿಂದಲ್ಲ. ಆದರೆ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಒಬ್ಬರೇ ಸ್ನಾನ ಮಾಡುವಾಗಲೂ ತಮ್ಮ ಮೈ ತಮ್ಮದಲ್ಲ ಅನಿಸುವವರಿದ್ದಾರೆ.

ಹೆಚ್ಚಿನವರಿಗೆ ಎರಡೂ ಇರುತ್ತದೆ. ಒಂದರ ಮೇಲೊಂದು ಕೂರುತ್ತದೆ. ಜನ, ಧ್ವನಿವರ್ಧಕ, ಹೂವಿನ ವಾಸನೆ ಎಲ್ಲ ಸೇರಿ ಸುಸ್ತಾದ ದಿನ, ಸುಮ್ನೆ ಯಾರೋ "ಮೇಡಂ" ಅಂದರೂ ಅಳು ಬರುತ್ತದೆ. ಅದೇ ಮಾತು ನಿದ್ದೆಯಾದ ಬೆಳಿಗ್ಗೆ ಅಷ್ಟು ನೋಯಿಸುವುದಿಲ್ಲ.

ನಾನು ಎಲ್ಲರಿಗೂ ಹೇಳುವುದು ಒಂದೇ. ಯಾವುದು ಎಂದು ತೀರ್ಮಾನವಾಗುವ ತನಕ ನರಳುತ್ತಾ ಕಾಯಬೇಡಿ. ಕಾರಣ ಯಾವುದೇ ಇರಲಿ, ಇವತ್ತು ಬ್ರಾ ಬದಲು ಹೊಲಿಗೆ ಇಲ್ಲದ ಬನಿಯನ್ ಹಾಕಬಹುದು, ಬಳೆ ತೆಗೆದಿಡಬಹುದು, ಕೂದಲು ಕತ್ತರಿಸಬಹುದು. ಇವು ಯಾವುದಕ್ಕೂ ಯಾರ ಸರ್ಟಿಫಿಕೇಟೂ ಬೇಕಿಲ್ಲ, ಮತ್ತೆ ಹಿಂದಕ್ಕೆ ಹೋಗಬೇಕು ಅನಿಸಿದರೆ ಹೋಗಬಹುದು. ಕಿರಿಕಿರಿ ಸ್ವಲ್ಪ ಇಳಿದ ಮೇಲೆ ಉಳಿದದ್ದು ಏನು ಎಂದು ನೋಡುವುದು ಸುಲಭ.

ಏನು ಅನಿಸ್ತಿದೆ ಅಂತ ಕೇಳಿದ್ರೆ ನನಗೆ ಉತ್ತರವೇ ಗೊತ್ತಿರಲ್ಲ. ಹೇಗೆ ಕಂಡುಹಿಡಿಯೋದು?

ಆಟಿಸ್ಟಿಕ್ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮ ಭಾವನೆ ಗುರುತಿಸಿ ಹೇಳುವುದು ಕಷ್ಟ. ಇದಕ್ಕೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಹಸಿವಾಗಿದೆಯೋ ಹೆದರಿಕೆಯಾಗಿದೆಯೋ ಎಂದು ಮೈ ಹೇಳುವುದೂ ಕೆಲವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ "ಏನು ಅನಿಸಿತು" ಎಂಬ ಪ್ರಶ್ನೆಯನ್ನೇ ಬಿಡಿ. "ಏನು ಮಾಡಿದೆ" ಎಂದು ಬರೆದಿಡಿ. ದೀಪ ಆರಿಸಿ ಸ್ನಾನ ಮಾಡಿದೆ. ಮದುವೆ ಫೋಟೋದಲ್ಲಿ ನನ್ನನ್ನು ಮಾತ್ರ ಕತ್ತರಿಸಿದೆ. ಗೇಮ್‌ನಲ್ಲಿ ಯಾವಾಗಲೂ ಹುಡುಗಿಯ ಪಾತ್ರವನ್ನೇ ಆರಿಸಿದೆ. ಸಲೂನಿನಿಂದ ಬಂದ ದಿನ ಹಾಡು ಗುನುಗಿದೆ. ಹೀಗೆ ಒಂದಷ್ಟು ತಿಂಗಳು ಬರೆದರೆ ಭಾವನೆಗೆ ಹೆಸರು ಗೊತ್ತಿಲ್ಲದಿದ್ದರೂ ದಾರಿ ಕಾಣುತ್ತದೆ.

ನೋವನ್ನಷ್ಟೇ ಹುಡುಕಬೇಡಿ. ಏನು ಮಾಡಿದರೆ ಮೈ ಹಗುರಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಆನ್‌ಲೈನ್‌ನಲ್ಲಿ ಊಟ ತರಿಸುವಾಗ ಬೇರೆ ಹೆಸರು ಹಾಕಿ ನೋಡಿ. ಡೆಲಿವರಿ ಹುಡುಗ ಬಾಗಿಲಲ್ಲಿ ಆ ಹೆಸರು ಕೂಗಿದಾಗ ನೀವು ಕೈ ಬೀಸಿಕೊಂಡು ಬಾಗಿಲಿಗೆ ಓಡಿದಿರೋ, ಪಕ್ಕದ ಮನೆಯ ಪಾರ್ಸೆಲ್ ಅಂದುಕೊಂಡಿರೋ? ಖರ್ಚಿಲ್ಲದ ಪ್ರಯೋಗ, ದೋಸೆಯೂ ಸಿಗುತ್ತದೆ.

ಮುಟ್ಟಾದಾಗ ನಾನು ಮನುಷ್ಯಳೇ ಆಗಿರಲ್ಲ. ಏನು ಮಾಡಲಿ?

ಪ್ಯಾಡಿನ ಸದ್ದು, ಒದ್ದೆ, ವಾಸನೆ, ಹೊಟ್ಟೆ ನೋವು, ಜೊತೆಗೆ "ಇದು ಹೆಣ್ಣಿನ ಮೈ" ಎಂದು ತಿಂಗಳು ತಿಂಗಳು ನೆನಪಿಸುವುದು. ಮೊದಲ ಸಲ ಮುಟ್ಟಾದಾಗ ಆರತಿ, ಹೊಸ ಬಟ್ಟೆ, ಊರವರೆಲ್ಲ ಬಂದು ನೋಡುವುದು, ಆ ದಿನದ ಗಾಬರಿ ಇವತ್ತಿಗೂ ಬಿಟ್ಟಿಲ್ಲ ಎನ್ನುವವರು ಎಷ್ಟೋ ಮಂದಿ. ಪೀರಿಯಡ್ ಪ್ಯಾಂಟಿ ಕೆಲವರಿಗೆ ಪ್ಯಾಡಿಗಿಂತ ಮೇಲು. ಕಪ್ ಕೆಲವರಿಗೆ ವರ, ಕೆಲವರಿಗೆ ಮುಟ್ಟಲೂ ಆಗುವುದಿಲ್ಲ. ಬಾಕ್ಸರ್ ಮಾದರಿಯ ಪೀರಿಯಡ್ ಒಳ ಉಡುಪೂ ಇದೆ. ಮುಟ್ಟನ್ನು ಕಡಿಮೆ ಮಾಡುವ ಅಥವಾ ನಿಲ್ಲಿಸಿಡುವ ಔಷಧಿಗಳಿವೆ. ಅದನ್ನು ಕೇಳಲು ನೀವು ಟ್ರಾನ್ಸ್ ಎಂದು ಹೇಳಲೇಬೇಕಿಲ್ಲ. "ಆಟಿಸಂ ಇದೆ, ಮುಟ್ಟಿನ ದಿನ ಕೆಲಸ ಮಾಡಲು ಆಗುವುದಿಲ್ಲ" ಎಂದರೆ ಸಾಕು. ಅದು ಸುಳ್ಳಲ್ಲವಲ್ಲ.

ಎದೆ ಕಾಣದ ಹಾಗೆ ಕಟ್ಟಿಕೊಂಡ್ರೆ ತೊಂದರೆನಾ?

ಕ್ರೇಪ್ ಬ್ಯಾಂಡೇಜ್, ಸೀರೆ ತುಂಡು, ಟೇಪು ಬೇಡವೇ ಬೇಡ. ಉಸಿರಾಡಿದಂತೆಲ್ಲ ಬಿಗಿಯಾಗುತ್ತದೆ, ಪಕ್ಕೆಲುಬಿಗೆ ಪೆಟ್ಟು. ಸರಿಯಾದ ಅಳತೆಯ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲೆಂದೇ ಹೊಲಿದ ಒಳ ಉಡುಪು) ಆದರೆ 8 ಗಂಟೆಗಿಂತ ಹೆಚ್ಚು ಹಾಕಬಾರದು, ಮಲಗುವಾಗ, ಓಡುವಾಗ ಹಾಕಬಾರದು. ನಮಗೆ ಇಲ್ಲೊಂದು ಅಪಾಯ ಹೆಚ್ಚು. ಬಿಗಿ ಒತ್ತಡ ನಮ್ಮಲ್ಲಿ ಹಲವರಿಗೆ ಸಮಾಧಾನ ಕೊಡುತ್ತದೆ, ಮೇಲಿಂದ ನೋವು ತಡವಾಗಿ ಗೊತ್ತಾಗುತ್ತದೆ. ಆದ್ದರಿಂದ ಮೈಯನ್ನು ನಂಬದೆ ಫೋನಿನಲ್ಲಿ ಅಲಾರಂ ಇಡಿ. ಮಂಗಳೂರಿನ ಸೆಕೆಯಲ್ಲಿ ಬೈಂಡರ್ ಶಿಕ್ಷೆಯೇ. ಗಟ್ಟಿ ಸ್ಪೋರ್ಟ್ಸ್ ಬ್ರಾ ಮೇಲೆ ಕಡು ಬಣ್ಣದ ದೊಗಳೆ ಅಂಗಿ ಬಹಳಷ್ಟು ಕೆಲಸ ಮಾಡುತ್ತದೆ.

ನನ್ನದು ಉಲ್ಟಾ. ಗಂಡು ಅಂತ ಬೆಳೆದೆ. ಗಡ್ಡ ಮುಟ್ಟಿದ್ರೆ ಆಗಲ್ಲ, ಬ್ಲೇಡ್ ತಾಗಿದ್ರೂ ಆಗಲ್ಲ.

ಬೆಳೆದರೂ ಕಷ್ಟ, ತೆಗೆದರೂ ಕಷ್ಟ. ಬ್ಲೇಡಿಗಿಂತ ಎಲೆಕ್ಟ್ರಿಕ್ ಟ್ರಿಮ್ಮರ್ ಸಹಿಸುವವರು ಹೆಚ್ಚು, ಸದ್ದಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಬಿಸಿನೀರಿನ ಸ್ನಾನದ ನಂತರ ಕೂದಲು ಮೆತ್ತಗಾಗಿರುತ್ತದೆ. ಲೇಸರ್ ಮಾಡಿಸಿದರೆ ಕಪ್ಪು ಕೂದಲು ಗಣನೀಯವಾಗಿ ಕಡಿಮೆಯಾಗುತ್ತದೆ, ಆದರೆ ಹಲವು ಸಲ ಹೋಗಬೇಕು, ಪ್ರತಿ ಸಲ ಚುರುಕ್ ಎನ್ನುತ್ತದೆ. ಮುಖಕ್ಕೆ ಶುರು ಮಾಡುವ ಮುಂಚೆ ಕೈಮೇಲೆ ಸಣ್ಣ ಜಾಗದಲ್ಲಿ ಮಾಡಿ ತೋರಿಸಿ ಎಂದು ಕೇಳಿ.

## ಮನೆ, ಮಾತು

ಅವನು, ಅವಳು ಎರಡೂ ಬೇಡ. ಕನ್ನಡದಲ್ಲಿ ಏನು ಮಾಡೋದು?

ಹಿಂದಿ ಮಾತಾಡುವವರಿಗಿಂತ ನಾವು ವಾಸಿ. ಅವರು "ನಾನು ಬಂದೆ" ಅನ್ನಬೇಕಾದರೂ ಗಂಡೋ ಹೆಣ್ಣೋ ಹೇಳಲೇಬೇಕು. ನಮಗೆ ಬಂದೆ, ಹೋದೆ, ತಿಂದೆ, ಅಷ್ಟೇ. ತೊಂದರೆ ಇರುವುದು ಬೇರೆಯವರು ನಮ್ಮ ಬಗ್ಗೆ ಮಾತಾಡುವಾಗ. "ಅವರು ಬಂದರು" ಆಫೀಸಿನಲ್ಲಿ ಚೆನ್ನಾಗಿ ನಡೆಯುತ್ತದೆ, ಯಾರಿಗೂ ಅನುಮಾನವೂ ಬರುವುದಿಲ್ಲ. ಮನೆಯಲ್ಲಿ ಅಮ್ಮ ನನ್ನನ್ನು "ಅವರು" ಅಂದರೆ ಬೀಗರ ಬಗ್ಗೆ ಮಾತಾಡಿದ ಹಾಗಿರುತ್ತದೆ. ಮನೆಯಲ್ಲಿ ಹೆಸರನ್ನೇ ಹೇಳುವುದು, ಇಲ್ಲ ಪುಟ್ಟ, ಚಿನ್ನು, ಕಂದ ಅನ್ನುವುದು ಸಲೀಸು. ಬಾರೋ, ಬಾರೇ ಬದಲು ಬರೀ "ಬಾ". ಎಷ್ಟೋ ಮನೆಗಳಲ್ಲಿ ಮಗಳನ್ನೂ ಮುದ್ದಿಗೆ "ಬಾರೋ" ಅನ್ನುವುದಿದೆ, ಅಲ್ಲಿ ಅರ್ಧ ಕೆಲಸ ಆಗಿಯೇ ಹೋಗಿದೆ. ಸರ್, ಮೇಡಂಗೆ ಮಾತ್ರ ಸುಲಭದ ಪರಿಹಾರವಿಲ್ಲ. ಹೆಸರಿನ ಮುಂದೆ "ಅವರೇ" ಸೇರಿಸಲು ಹೇಳಿ.

ಅಮ್ಮನಿಗೆ ಹೇಗೆ ಹೇಳಲಿ? ಜಗಳ ಶುರುವಾದ್ರೆ ನನಗೆ ಬಾಯಿಂದ ಮಾತೇ ಬರಲ್ಲ.

ಎದುರು ಕೂತು ಹೇಳಲೇಬೇಕು ಎಂದೇನಿಲ್ಲ. ಬರೆದುಕೊಡಿ. ಅವರು ಓದುವಾಗ ನೀವು ಬೇರೆ ಕಡೆ ಇರಿ. ಉತ್ತರವನ್ನೂ ವಾಟ್ಸಾಪಿನಲ್ಲೇ ಕೊಡಲು ಕೇಳಿ. ಮೊದಲ ಪತ್ರದಲ್ಲೇ ಎಲ್ಲವನ್ನೂ ಹೇಳುವ ಬದಲು ಒಂದು ಬೇಡಿಕೆ ಇಡಿ: "ಗೌರಿ ಹಬ್ಬಕ್ಕೆ ನಾನು ಸೀರೆ ಉಡುವುದಿಲ್ಲ, ಕುರ್ತಾ ಹಾಕುತ್ತೇನೆ." ಅಮ್ಮಂದಿರಿಗೆ ಈ ವಿಷಯ ಕೇಳಿದ ತಕ್ಷಣ ಕಣ್ಣೆದುರು ಬರುವುದು ಸಿಗ್ನಲ್‌ನಲ್ಲಿ ದುಡ್ಡು ಕೇಳುವವರು. ಮಗು ಮನೆ ಬಿಟ್ಟು ಹೋಗುತ್ತದೆ, ಬೀದಿ ಪಾಲಾಗುತ್ತದೆ ಎಂಬ ಹೆದರಿಕೆ. ಆ ಹೆದರಿಕೆಗೆ ಮೊದಲು ಉತ್ತರ ಕೊಡಿ. ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು, ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದದ್ದು ಎಷ್ಟೋ ಅಮ್ಮಂದಿರಿಗೆ ಗೊತ್ತು, ಅದನ್ನು ನೆನಪಿಸಬಹುದು. (ಮನೆಯಲ್ಲಿ ಒಪ್ಪಿಕೊಳ್ಳಲು ಪದ್ಮಶ್ರೀ ಬರುವ ತನಕ ಕಾಯಬೇಕಾ ಎಂಬ ಸಿಟ್ಟು ನನಗೂ ಇದೆ.)

ಮನೆಯಲ್ಲಿ ಹೊಡೆತ ಬೀಳಬಹುದು, ಕೂಡಿಹಾಕಬಹುದು ಎಂಬ ಅನುಮಾನವಿದ್ದರೆ ಹೇಳಬೇಡಿ. ನಿಜ ಹೇಳಲೇಬೇಕು ಎಂಬ ಒತ್ತಡ ಆಟಿಸ್ಟಿಕ್ ಜನರಲ್ಲಿ ಜಾಸ್ತಿ. ಇಲ್ಲಿ ಸುಮ್ಮನಿರುವುದು ಸುಳ್ಳು ಹೇಳಿದ ಹಾಗಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್‌ಗಳ ಪ್ರತಿ ಮತ್ತು ಒಂದಿಷ್ಟು ದುಡ್ಡು ನಂಬಿಕೆಯ ಒಬ್ಬರ ಹತ್ತಿರ ಇರಲಿ.

ನನ್ನ ಮಗಳಿಗೆ ಹದಿನಾಲ್ಕು, ಆಟಿಸಂ ಇದೆ. ತಾನು ಹುಡುಗ ಅಂತಾಳೆ. ಯಾರೋ ತಲೆಗೆ ತುಂಬಿದ್ದಾರೆ ಅನಿಸುತ್ತೆ.

ಯಾರು ತುಂಬಿದರು ಎಂದು ಹುಡುಕಲು ಹೊರಟರೆ ಮಗು ನಿಮ್ಮ ಹತ್ತಿರ ಮಾತಾಡುವುದನ್ನು ನಿಲ್ಲಿಸುತ್ತದೆ, ಅಷ್ಟೇ ಸಿಗುವುದು. ಈ ವಯಸ್ಸಿನಲ್ಲಿ ನಿಮ್ಮನ್ನು ಯಾರೂ ಆಪರೇಷನ್‌ಗೆ ಸಹಿ ಕೇಳುತ್ತಿಲ್ಲ. ಕೇಳುತ್ತಿರುವುದು ಕೂದಲು ಕತ್ತರಿಸಲು, ಯೂನಿಫಾರ್ಮ್‌ಗೆ ಪ್ಯಾಂಟ್ ಹಾಕಲು, ಒಂದು ಹೆಸರು ಕರೆಯಲು. ಅವು ಮೂರನ್ನೂ ನಾಳೆ ಬದಲಾಯಿಸಬಹುದು. ಮೈ ಬೆಳೆಯುವುದೇ ಆಟಿಸ್ಟಿಕ್ ಮಕ್ಕಳಿಗೆ ದೊಡ್ಡ ಆಘಾತ, ಹೇಳದೆ ಕೇಳದೆ ಎಲ್ಲ ಬದಲಾಗುತ್ತದೆ. ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಚಿತ್ರ ತೋರಿಸಿ ಮುಂಚೆಯೇ ಹೇಳಿ. ಇಂಗ್ಲೆಂಡಿನಲ್ಲಿ 2024ರಲ್ಲಿ ಬಂದ ಕಾಸ್ ವರದಿ ಮಕ್ಕಳಿಗೆ ಔಷಧಿ ಕೊಡುವ ವಿಷಯದಲ್ಲಿ ಬಹಳ ಎಚ್ಚರ ಬೇಕು ಎಂದಿತು, ಜೊತೆಗೆ ಜೆಂಡರ್ ಕ್ಲಿನಿಕ್‌ಗೆ ಬರುವ ಎಲ್ಲ ಮಕ್ಕಳಿಗೂ ಆಟಿಸಂ ಇದೆಯೇ ಎಂದು ನೋಡಬೇಕು ಎಂದೂ ಹೇಳಿತು. ಆ ವರದಿಯ ಬಗ್ಗೆ ಜಗಳ ಬೇಕಾದಷ್ಟಿದೆ. ಆದರೆ ಮಗುವನ್ನು ಪೂರ್ತಿಯಾಗಿ ನೋಡಿ ಎಂಬ ಮಾತಿಗೆ ಯಾರ ತಕರಾರೂ ಇಲ್ಲ.

"ಹದಿನೆಂಟಾಗಲಿ ನೋಡೋಣ" ಎಂದು ಮಾತು ತೇಲಿಸಬೇಡಿ. ನಮ್ಮಂಥವರು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇವೆ. ಹದಿನೆಂಟನೇ ಹುಟ್ಟುಹಬ್ಬದ ಬೆಳಿಗ್ಗೆ ಬ್ಯಾಗ್ ಹಿಡಿದು ನಿಂತಿರುತ್ತೇವೆ. ಥೆರಪಿಯ ಹೆಸರಿನಲ್ಲಿ ಹುಡುಗಿಯ ಹಾಗೆ ನಡೆಯುವುದು, ಕೂರುವುದು ಅಭ್ಯಾಸ ಮಾಡಿಸುವವರಿಂದ ಮಗುವನ್ನು ದೂರ ಇಡಿ. ಮಗು ಕೈ ಕೊಯ್ದುಕೊಳ್ಳುವುದು, ಊಟ ಬಿಡುವುದು ಕಂಡರೆ ಲಿಂಗದ ಚರ್ಚೆ ಪಕ್ಕಕ್ಕಿಟ್ಟು ಅವತ್ತೇ ಸಹಾಯ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

## ಡಾಕ್ಟರು, ಕಾಗದಪತ್ರ

ಆಟಿಸಂ ಇದೆ ಅಂದ್ರೆ ಡಾಕ್ಟರು ಹಾರ್ಮೋನ್ ಕೊಡಲ್ವಾ? ಮುಚ್ಚಿಡಲಾ?

ಆಟಿಸಂ ಇದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಲು ಆಧಾರವಿಲ್ಲ. ಟ್ರಾನ್ಸ್ ಆರೋಗ್ಯಕ್ಕೆ ಜಗತ್ತಿನ ಹಲವೆಡೆ ಬಳಸುವ ಡಬ್ಲ್ಯೂಪಾಥ್ ಮಾರ್ಗಸೂಚಿಯ 2022ರ ಎಂಟನೇ ಆವೃತ್ತಿ ವಯಸ್ಕರ ವಿಷಯದಲ್ಲಿ ಇದನ್ನೇ ಹೇಳುತ್ತದೆ. ಆದರೂ ಕೆಲವರು ಹಿಂಜರಿಯುತ್ತಾರೆ.

ಮುಚ್ಚಿಟ್ಟರೆ ಇನ್ನೊಂದು ತೊಂದರೆ. ನಮ್ಮ ಮುಖ, ದನಿ ಅವರಿಗೆ ತಪ್ಪು ಸಂದೇಶ ಕೊಡುತ್ತದೆ. ಕಣ್ಣು ನೋಡದೆ ಒಂದೇ ಸ್ವರದಲ್ಲಿ "ತುಂಬಾ ನೋವಾಗುತ್ತದೆ" ಎಂದರೆ ಇವರಿಗೆ ಅಂಥ ನೋವೇನೂ ಇಲ್ಲ ಎಂದುಕೊಳ್ಳುತ್ತಾರೆ. "ನೂರಕ್ಕೆ ನೂರು ಖಚಿತವಾ?" ಎಂದು ಕೇಳುತ್ತಾರೆ. ನಾವು ಪ್ರಾಮಾಣಿಕವಾಗಿ "ಇಲ್ಲ" ಅನ್ನುತ್ತೇವೆ. ನಾಳೆ ಸೂರ್ಯ ಹುಟ್ಟುವುದು ಬಿಟ್ಟರೆ ನೂರಕ್ಕೆ ನೂರು ಯಾವುದಿದೆ? ಅವರು "ಗೊಂದಲವಿದೆ" ಎಂದು ಬರೆದುಕೊಳ್ಳುತ್ತಾರೆ. ಅದಕ್ಕೇ ಮುಂಚೆಯೇ ಒಂದೆರಡು ಪುಟ ಬರೆದುಕೊಂಡು ಹೋಗಿ ಕೈಗೆ ಕೊಡಿ: ಯಾವಾಗಿನಿಂದ, ದಿನನಿತ್ಯ ಏನಾಗುತ್ತದೆ, ಏನೇನು ಮಾಡಿ ನೋಡಿದ್ದೀರಿ, ಏನು ಬೇಕು, ಏನು ಬೇಡ. ಮೊದಲು ಹೇಳಿದ ಆ "ಏನು ಮಾಡಿದೆ" ಪಟ್ಟಿ ಇಲ್ಲಿ ಚಿನ್ನ. ಬೆಳಗಿನ ಮೊದಲ ಅಪಾಯಿಂಟ್ಮೆಂಟ್ ತೆಗೆದುಕೊಳ್ಳಿ, ಕಾಯುವ ಗದ್ದಲ ಕಡಿಮೆ. ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಆದರೆ ಮಾತು ನಿಮ್ಮದೇ ಇರಲಿ.

ಕೌನ್ಸೆಲರ್ ಒಬ್ಬರು ಆರು ತಿಂಗಳಲ್ಲಿ ಸರಿ ಮಾಡ್ತೀನಿ ಅಂದ್ರು.

ವಾಪಸ್ ಹೋಗಬೇಡಿ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ "ಚಿಕಿತ್ಸೆ"ಯ ವಿರುದ್ಧ ಆದೇಶ ಕೊಟ್ಟಿತು, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕನ್ವರ್ಷನ್ ಥೆರಪಿಯನ್ನು (ಲಿಂಗ ಗುರುತನ್ನು "ಸರಿ ಮಾಡುವ" ಈ ಚಿಕಿತ್ಸೆಯ ಹೆಸರು) ವೃತ್ತಿ ದುರ್ನಡತೆ ಎಂದಿತು. ಮಾಡುವವರು ಡಾಕ್ಟರಾದರೆ ರಾಜ್ಯ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು.

ಅಂಗವಿಕಲರ ಕಾರ್ಡೂ ಟ್ರಾನ್ಸ್ ಗುರುತಿನ ಚೀಟಿಯೂ ಎರಡೂ ಮಾಡಿಸಬಹುದಾ? ನನಗೆ ಅಪ್ಪ ಗಾರ್ಡಿಯನ್ ಇದ್ದಾರೆ.

ಎರಡೂ ಬೇರೆ ಬೇರೆ ಕಾನೂನು, ಒಂದಕ್ಕೊಂದು ಅಡ್ಡ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಸಿಗುತ್ತದೆ. 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಬಂದ ಮೇಲೆ ಗುರುತಿನ ಪತ್ರ ಜಿಲ್ಲಾಧಿಕಾರಿಯಿಂದ ಬರುತ್ತದೆ. ಇದರ ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಸರ್ಕಾರಿ ಪೋರ್ಟಲ್‌ನಲ್ಲಿ ಏನಿದೆಯೋ ಅದನ್ನು ನಂಬಿ, ಹಳೇ ವಿಡಿಯೋ ನೋಡಿ ಓಡಬೇಡಿ. ಕರ್ನಾಟಕ 2021ರಿಂದ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಇಟ್ಟಿದೆ, ಇಂಥ ಕಡೆ ಪತ್ರ ಬೇಕಾಗುತ್ತದೆ.

ಗಾರ್ಡಿಯನ್ ವಿಷಯ ತೊಡಕಿನದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಇರುವ ವಯಸ್ಕರಿಗೂ ಗಾರ್ಡಿಯನ್ ನೇಮಿಸುವ ಅವಕಾಶವಿದೆ, ಎಷ್ಟೋ ಅಪ್ಪ ಅಮ್ಮ ಆಸ್ತಿ, ಬ್ಯಾಂಕಿನ ಕೆಲಸಕ್ಕೆ ಮಾಡಿಸಿಟ್ಟಿರುತ್ತಾರೆ. 2016ರ ಕಾಯ್ದೆಯ ದಾರಿ ಬೇರೆ. ಅದರಲ್ಲಿರುವುದು ಸೀಮಿತ ಗಾರ್ಡಿಯನ್, ಇಬ್ಬರೂ ಕೂತು ಮಾತಾಡಿ ಒಟ್ಟಿಗೆ ನಿರ್ಧರಿಸಬೇಕು ಎಂಬುದು ಅದರ ತಿರುಳು. ನಿಮ್ಮ ಆದೇಶ ಯಾವ ಕಾಯ್ದೆಯಡಿ ಆಗಿದೆ, ಯಾವ ಯಾವ ವಿಷಯಕ್ಕೆ ಎಂದು ಕಾಗದ ತರಿಸಿ ಓದಿ, ವಕೀಲರಿಗೆ ತೋರಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಂಗವಿಕಲರಿಗೆ ಉಚಿತ ಕಾನೂನು ನೆರವು ಇದೆ.

ಹಾರ್ಮೋನ್ ಶುರು ಮಾಡಿದ್ರೆ ನನ್ನ ಸೆನ್ಸರಿ ವಿಷಯ ಏನಾಗುತ್ತೆ? ಇದನ್ನ ಯಾರೂ ಹೇಳಲ್ಲ.

ಹೌದು, ಹೇಳುವುದಿಲ್ಲ. ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ತೆಗೆದುಕೊಂಡರೆ ದನಿ ದಪ್ಪವಾಗುತ್ತದೆ, ಮುಟ್ಟು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ನಿಲ್ಲುತ್ತದೆ (ಅದು ಗರ್ಭನಿರೋಧಕ ಅಲ್ಲ, ನೆನಪಿರಲಿ). ಜೊತೆಗೆ ಚರ್ಮ ಎಣ್ಣೆ ಎಣ್ಣೆ, ಮೊಡವೆ, ಹೊಸ ಬೆವರು ವಾಸನೆ, ಹೊಟ್ಟೆ ತೊಡೆಯ ಮೇಲೆ ಕೂದಲು ಬಟ್ಟೆಗೆ ಸಿಕ್ಕಿ ಎಳೆಯುವುದು. ಈಸ್ಟ್ರೋಜೆನ್‌ನಲ್ಲಿ (ಹೆಣ್ಣು ಹಾರ್ಮೋನ್) ಚರ್ಮ ಮೆತ್ತಗಾಗುತ್ತದೆ, ವಾಸನೆ ಬದಲಾಗುತ್ತದೆ. ಎದೆ ಬೆಳೆಯುವಾಗ ಮಾತ್ರ ಅಂಗಿ ತಾಗಿದರೂ ನೋವು, ಅದೂ ಬಹಳ ತಿಂಗಳು. ಔಷಧಿ ಯಾವ ರೂಪದಲ್ಲಿ ಬರುತ್ತದೆ ಎಂಬುದೂ ನಮಗೆ ಮುಖ್ಯ. ಜೆಲ್ ಅಂಟಂಟು, ದಿನಾ ಹಚ್ಚಬೇಕು, ಒಣಗುವ ತನಕ ಯಾರಿಗೂ ತಾಗಬಾರದು. ಇಂಜೆಕ್ಷನ್ ಒಂದು ಕ್ಷಣದ ನೋವು, ಆದರೆ ಮುಂದಿನ ಡೋಸ್ ಹತ್ತಿರ ಬಂದಾಗ ಕೆಲವರ ಮನಸ್ಸು ಏರುಪೇರಾಗುತ್ತದೆ.

ನಿಲ್ಲಿಸಿದರೆ ಹಿಂದಕ್ಕೆ ಹೋಗುವುದು ಯಾವುದು, ಹೋಗದ್ದು ಯಾವುದು ಎಂದು ಬರೆಸಿಕೊಳ್ಳಿ. ದಪ್ಪಗಾದ ದನಿ ತೆಳ್ಳಗಾಗುವುದಿಲ್ಲ, ಬೆಳೆದ ಎದೆ ತಾನಾಗಿ ಇಳಿಯುವುದಿಲ್ಲ. ಎಣ್ಣೆ ಚರ್ಮ, ನಿಂತ ಮುಟ್ಟು ಸಾಮಾನ್ಯವಾಗಿ ಮೊದಲಿನ ಹಾಗಾಗುತ್ತದೆ. ಮುಂದೆ ಮಕ್ಕಳಾಗುವ ಸಾಧ್ಯತೆಗೂ ಪೆಟ್ಟು ಬೀಳಬಹುದು, ಆ ಮಾತು ಮೊದಲ ಡೋಸಿಗಿಂತ ಮುಂಚೆಯೇ ಆಗಬೇಕು. ಕಡಿಮೆ ಡೋಸಿನಿಂದ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ ಇಷ್ಟೇ ಸಾಕು ಎಂದವರೂ ಇದ್ದಾರೆ. ಅಂಗಡಿಯಿಂದ ತಂದು ತಾವೇ ಚುಚ್ಚಿಕೊಳ್ಳುವವರೂ ಇದ್ದಾರೆ, ಅದು ಬೇಡ. ರಕ್ತ ಪರೀಕ್ಷೆ ತಪ್ಪದೆ ಆಗುತ್ತಿರಬೇಕು. ಸೂಜಿಯ ಹೆದರಿಕೆ ಇದ್ದರೆ ರಕ್ತ ತೆಗೆಯುವ ಜಾಗಕ್ಕೆ ಹಚ್ಚುವ ಮರಗಟ್ಟಿಸುವ ಕ್ರೀಮ್ ಇದೆ. ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಆದ್ದರಿಂದ ಮನೆಯಿಂದಲೇ ಹಚ್ಚಿಕೊಂಡು ಹೊರಡಿ.